ರಸ್ಟ್‌ನ ಡ್ರಾಪ್: ನಾಲ್ಕು ವರ್ಷ ಬಳಸಿದ ಮೇಲೆ

ಮೊದಲು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಫೈಲ್ ತೆರೆಯುವುದು, ಮೆಮೊರಿ ತಗೊಳ್ಳುವುದು, ಲಾಕ್ ಹಾಕುವುದು, ನಡುವೆ ಎಲ್ಲಾದರೂ ಎರರ್ ಬಂದರೆ ಗೋಟು ಹಾಕಿ ಫಂಕ್ಷನ್‌ನ ಕೊನೆಗೆ ಹಾರಿ ಎಲ್ಲವನ್ನೂ ಒಂದೊಂದಾಗಿ ಬಿಡುಗಡೆ ಮಾಡುವುದು. ಆಮೇಲೆ ಯಾವತ್ತೋ ಯಾರೋ ಮಧ್ಯದಲ್ಲಿ ಒಂದು ರಿಟರ್ನ್ ತುರುಕುತ್ತಾರೆ, ಲೀಕ್ ಶುರು, ಅಂದರೆ ತಗೊಂಡಿದ್ದು ಬಿಡುಗಡೆಯೇ ಆಗುವುದಿಲ್ಲ. ಆ 'ಯಾರೋ' ಹೆಚ್ಚಿನ ಸಲ ನಾನೇ.

ರಸ್ಟ್ ಭಾಷೆಗೆ ಬಂದ ಮೇಲೆ ಈ ಗೋಳು ತಪ್ಪಿತು. ವೇರಿಯಬಲ್‌ನ ಸ್ಕೋಪ್ (ಅದು ಬದುಕಿರುವ ಬ್ಲಾಕ್) ಮುಗಿದ ಕೂಡಲೇ ಡ್ರಾಪ್, ಅಂದರೆ ಅದು ಹಿಡಿದಿದ್ದನ್ನು ಬಿಡುಗಡೆ ಮಾಡುವ ಕೋಡ್, ತಾನಾಗಿಯೇ ಓಡುತ್ತದೆ, ನಡುವೆ ರಿಟರ್ನ್ ಆದರೂ ಸರಿ, ಪ್ಯಾನಿಕ್ ಆಗಿ, ಅಂದರೆ ದೊಡ್ಡ ಎರರ್‌ಗೆ ಸಿಕ್ಕಿ, ಸ್ಟ್ಯಾಕ್ (ಕರೆದ ಫಂಕ್ಷನ್‌ಗಳ ಸಾಲು) ಬಿಚ್ಚಿಕೊಂಡರೂ ಸರಿ. ಕೊನೆಯಲ್ಲಿ ಹುಟ್ಟಿದ್ದು ಮೊದಲು ಹೋಗುತ್ತದೆ (ಸ್ಟ್ರಕ್ಟ್, ಅಂದರೆ ಹಲವು ವ್ಯಾಲ್ಯೂಗಳ ಕಟ್ಟು, ಅದರ ಒಳಗಿನ ಫೀಲ್ಡ್‌ಗಳು ಮಾತ್ರ ಬರೆದ ಕ್ರಮದಲ್ಲೇ ಹೋಗುತ್ತವೆ, ಇದು ತಲೆಗೆ ಹತ್ತಲು ನನಗೆ ಸ್ವಲ್ಪ ದಿನ ಬೇಕಾಯಿತು). ಇದೇ ಕೆಲಸಕ್ಕೆ ಗೋ ಭಾಷೆಯಲ್ಲಿರುವ ಡಿಫರ್, ಇಡೀ ಫಂಕ್ಷನ್ ಮುಗಿಯುವವರೆಗೂ ಕಾಯುತ್ತದೆ, ಲೂಪ್‌ನಲ್ಲಿ ಫೈಲ್ ತೆರೆದರೆ ಎಲ್ಲವೂ ತೆರೆದೇ ಕೂತಿರುತ್ತವೆ. ರಸ್ಟ್‌ನಲ್ಲಿ ಲೂಪ್‌ನ ಪ್ರತಿ ಸುತ್ತಿಗೂ ಮುಚ್ಚುತ್ತದೆ.

ಬೇಗ ಬಿಡಬೇಕಾದರೆ ಡ್ರಾಪ್ ಫಂಕ್ಷನ್‌ಗೆ ಕೊಟ್ಟರೆ ಆಯಿತು. ಅದರ ಒಳಗೆ ಏನೂ ಇಲ್ಲ, ಖಾಲಿ! ವ್ಯಾಲ್ಯೂ ಅದರೊಳಗೆ ಹೋಗುತ್ತದೆ, ಅಲ್ಲೇ ಮುಗಿಯುತ್ತದೆ.

ಇನ್ನು ಪೆಟ್ಟು ತಿಂದ ಕಥೆ. ಟೆಂಪರರಿ ಫೋಲ್ಡರ್ ಅಳಿಸಲು ನಾನೇ ಒಂದು ಗಾರ್ಡ್, ಅಂದರೆ ಡ್ರಾಪ್ ಆಗುವಾಗ ಆ ಕೆಲಸ ಮಾಡುವ ವ್ಯಾಲ್ಯೂ, ಬರೆದಿದ್ದೆ. ವೇರಿಯಬಲ್ ಹೆಸರು ಯಾಕೆ ಸುಮ್ನೆ ಅಂತ ಬರೀ ಅಂಡರ್‌ಸ್ಕೋರ್ ಹಾಕಿದೆ. ಮುಂದಿನ ಸಾಲಿನಲ್ಲೇ 'ಫೋಲ್ಡರ್ ಇಲ್ಲ' ಎಂಬ ಎರರ್. ಪರ್ಮಿಷನ್ ನೋಡಿದೆ, ಪಾತ್ ನೋಡಿದೆ, ಅರ್ಧ ದಿನ ಹೋಯಿತು. ವಿಷಯ ಇಷ್ಟೇ: ಬರೀ ಅಂಡರ್‌ಸ್ಕೋರ್ ಯಾವುದನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ, ಗಾರ್ಡ್ ಅದೇ ಸಾಲಿನಲ್ಲಿ ಸತ್ತು ಫೋಲ್ಡರನ್ನೂ ಜೊತೆಗೆ ಕರೆದೊಯ್ದಿತ್ತು. ಅಂಡರ್‌ಸ್ಕೋರ್ ಆದಮೇಲೆ ಗಾರ್ಡ್ ಅಂತ ಹೆಸರು ಸೇರಿಸಿದರೆ ಬ್ಲಾಕ್ ಮುಗಿಯುವವರೆಗೂ ಬದುಕಿರುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ಡ್ರಾಪ್ ಏನನ್ನೂ ವಾಪಸ್ ಕೊಡುವುದಿಲ್ಲ, ಹಾಗಾಗಿ ಒಳಗೆ ಎರರ್ ಆದರೆ ಗಪ್‌ಚುಪ್. ಡಿಸ್ಕ್ ತುಂಬಿದ್ದಾಗ ಬಫ್‌ರೈಟರ್ (ಡೇಟಾ ಕೂಡಿಟ್ಟು ಒಟ್ಟಿಗೆ ಬರೆಯುವಂಥದ್ದು) ಉಳಿದ ಡೇಟಾ ಬರೆಯಲು ಹೋಗಿ ಸೋತಿತು, ಒಂದು ಮಾತೂ ಹೇಳಲಿಲ್ಲ, ಪ್ರೋಗ್ರಾಂ ಗೆದ್ದೆ ಅಂತ ಮುಗಿಯಿತು, ಫೈಲ್ ನೋಡಿದರೆ ಬಾಲವೇ ಇಲ್ಲ. ಈಗ ಕೊನೆಯಲ್ಲಿ, ಉಳಿದದ್ದನ್ನು ಬರೆಸುವ ಫ್ಲಶ್ ನಾನೇ ಕರೆಯುತ್ತೇನೆ. ಪ್ರೋಗ್ರಾಂ ಅಲ್ಲೇ ನಿಲ್ಲಿಸುವ ಪ್ರಾಸೆಸ್ ಎಕ್ಸಿಟ್ ಕರೆದರೂ ಅಷ್ಟೇ, ಡ್ರಾಪ್ ಓಡುವುದೇ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಕಡಿಮೆಯಾಗಿದ್ದು ಅಸಿಂಕ್‌ನಿಂದ, ಅಂದರೆ ಒಂದು ಕೆಲಸ ಕಾಯುವಾಗ ಬೇರೆ ಕೆಲಸ ಮಾಡುವ ಕೋಡ್‌ನಿಂದ: ಡ್ರಾಪ್ ಒಳಗೆ ಅವೇಟ್ (ಅಂಥ ಕೆಲಸ ಮುಗಿಯಲು ಕಾಯುವುದು) ಮಾಡಲು ಬಿಡುವುದಿಲ್ಲ, ಅದಕ್ಕೆ ನೆಟ್‌ವರ್ಕ್ ಕನೆಕ್ಷನ್‌ಗಳಿಗೆ ಕ್ಲೋಸ್ ಅಂತ ಬೇರೆ ಮೆಥಡ್ ಬರೆದಿದ್ದೇನೆ, ಅದನ್ನು ಕರೆಯುವುದನ್ನು ಹಳೇ ಸಿ ದಿನಗಳ ಹಾಗೆ ಆಗಾಗ ಮರೆಯುತ್ತೇನೆ.