ಟ್ರಿಗರ್ ಮೆತ್ತಗ ಮಾಡ್ಸಲಾಕ ಹೋಗಿ ತೊಗರಿ ಚೀಲಕ್ಕ ಗುಂಡು ಹೊಡ್ದೆ, ನೀವು ಹಿಂಗ ಮಾಡಬ್ಯಾಡ್ರಿ

ಇದು ಬರೀಬೇಕೋ ಬ್ಯಾಡೋ ಅಂತ ನಾಕ ತಿಂಗಳು ವಿಚಾರ ಮಾಡೀನಿ. ಖರೇ ಹೇಳ್ಬೇಕಂದ್ರ ನಾಚ್ಕಿ ಬರ್ತದ. ಆದ್ರ ಹ್ವಾದ ವಾರ ಗಂಜಿನಾಗ ಇನ್ನೊಬ್ರು ಅಡತಿ ಸಾವ್ಕಾರ್ರು ಚಾ ಕುಡ್ಕೊಂತ "ನಿಮ್ ಪಿಸ್ತೂಲಿನ ಟ್ರಿಗರ್ ಬೆಣ್ಣಿ ಹಂಗ ಮಾಡಿಸೀರಂತಲ್ರೀ, ಯಾರ ಕಡಿ ಮಾಡಿಸ್ದಿರಿ, ನಂಬರ್ ಕೊಡ್ರಿ" ಅಂತ ಕೇಳಿದ್ರು. ಅಂದ್ರ ಮಾಡ್ಸಿದ ಸುದ್ದಿ ಊರ ತುಂಬ ಹೋಗ್ಯಾದ, ಆಮ್ಯಾಲ ಏನಾಯ್ತು ಅನ್ನೋದು ಯಾರಿಗೂ ಗೊತ್ತಿಲ್ಲ. ಅದಕ್ಕ ಬರೀಲತ್ತೀನಿ.

ಕಲಬುರಗಿ ನೆಹರು ಗಂಜಿನಾಗ ನಮ್ದು ತೊಗರಿ ಅಡತ್. ಡಿಸೆಂಬರ್‌ದಿಂದ ಸೀಜನ್ ಶುರುವಾದ್ರ ರೈತರಿಗಿ ಕೊಡೋ ರೊಕ್ಕ ಇಟ್ಕೊಂಡು ತಿರಗಬೇಕಾಗ್ತದ, ಅದಕ್ಕಂತ ನಮ್ ಮುತ್ಯಾನ ಕಾಲದಿಂದ ಮನ್ಯಾಗ ಒಂದು ಲೈಸೆನ್ಸ್ ಪಿಸ್ತೂಲ್ ಅದ. ಬೆಲ್ಜಿಯಂದ ಎಫ್‌ಎನ್ ಬ್ರೌನಿಂಗ್, 1922 ಮಾಡೆಲ್, .32 ಬೋರ್, ಬೋರ್ ಅಂದ್ರ ನಳಿಗಿ ತೂತಿನ ಅಳತಿ. ಮುತ್ಯಾನಿಂದ ಅಪ್ಪಗ ಬಂತು, ಅಪ್ಪಗ 70 ತುಂಬಿದ ಮ್ಯಾಲ ವಾರಸುದಾರ ಅಂತ ನಾ ಅರ್ಜಿ ಹಾಕ್ದೆ, 2016ರ ಆರ್ಮ್ಸ್ ರೂಲ್ಸ್‌ನಾಗ ಅದಕ್ಕ ಅವಕಾಶ ಅದ. ಈ ಪಿಸ್ತೂಲು ಜಾನ್ ಬ್ರೌನಿಂಗ್‌ನ 1910ರ ಮಾಡೆಲ್ಲಿಗೇ ಬ್ಯಾರಲ್ ಉದ್ದ ಮಾಡಿ ತಯಾರ್ ಮಾಡಿದ್ದು. 1914ರಾಗ ಸರಾಯೇವೋದಾಗ ಆಸ್ಟ್ರಿಯಾದ ರಾಜಕುಮಾರಗ ಹೊಡೆದದ್ದು ಆ 1910 ಮಾಡೆಲ್ಲೇ, ಅದು .380 ಬೋರ್‌ದು. ಇದನ್ನ ನಾ ಬಂದೋರಿಗೆಲ್ಲ ಹೇಳ್ಕೊಂತ ಹೆಮ್ಮಿ ಪಡ್ತಿದ್ದೆ, ಈಗ ಹೇಳಂಗಿಲ್ಲ.

ಇದು ಸ್ಟ್ರೈಕರ್ ಪಿಸ್ತೂಲು. ಅಂದ್ರ ರಿವಾಲ್ವರ್‌ಗಿ ಇರ್ತದಲ್ಲ, ಹಿಂದ ಹೆಬ್ಬಟ್ಟಿಲೆ ಎಳ್ಯೋ ಕುದುರಿ, ಅದು ಇದಕ್ಕ ಹೊರಗ ಕಾಣಂಗಿಲ್ಲ, ಒಳಗೂ ಇಲ್ಲ. ಸ್ಲೈಡ್ ಅಂದ್ರ ಪಿಸ್ತೂಲಿನ ಮ್ಯಾಲ ಹಿಂದ ಮುಂದ ಸರಿಯೋ ಭಾಗ, ಅದರ ಒಳಗ ಒಂದು ಸ್ಟ್ರೈಕರ್ ಪಿನ್ನು, ಅದರ ಬೆನ್ನಿಗಿ ಒಂದು ಸ್ಪ್ರಿಂಗು, ಅದನ್ನ ಹಿಂದ ಜಗ್ಗಿ ಹಿಡದದ್ದು ಸಿಯರ್ ಅನ್ನೋ ಒಂದು ಸಣ್ಣ ಕೊಕ್ಕಿ. ಟ್ರಿಗರ್ ಎಳೆದ್ರ ಕೊಕ್ಕಿ ಬಿಡ್ತದ, ಪಿನ್ನು ಮುಂದ ಹೋಗಿ ಕಾಡತೂಸಿನ ಹಿಂಭಾಗಕ್ಕ ಬಡೀತದ. ಇಷ್ಟೇ ಕಥಿ. ಆದ್ರ ಆ ಕೊಕ್ಕಿ ಹಿಡಿದಿರೋ ಅಂಚು ಎಷ್ಟ ಅಂದ್ರ ನೋಡಿದ್ರ ನಗು ಬರ್ತದ, ಅಷ್ಟು ಸಣ್ಣದು.

ಈಗ ಹುಚ್ಚು ಎಲ್ಲಿಂದ ಹಿಡೀತು ಅಂದ್ರ ಮೊಬೈಲಿನಾಗಿನ ಅಮೆರಿಕದ ವಿಡಿಯೋ. ರಾತ್ರಿ ಊಟ ಆದ್ಮ್ಯಾಲ ಅದೇ ಚಟ. ಅಲ್ಲಿ ಮಂದಿ ಗ್ಲಾಕ್ ಅನ್ನೋ ಪಿಸ್ತೂಲ್ ಹಿಡ್ಕೊಂಡು ಟ್ರಿಗರ್ ಬಗ್ಗಿ ಅರ್ಧ ತಾಸು ಮಾತಾಡ್ತಾರ. ಮೊದಲು ಸ್ವಲ್ಪ ಸಡ್ಲ ಬರ್ತದಂತ, ಆಮ್ಯಾಲ ಗೋಡಿಗಿ ತಾಗಿದಂಗ ಒಂದ್ ಕಡಿ ನಿಲ್ತದಂತ, ಅಲ್ಲಿಂದ ಗಾಜಿನ ಕಡ್ಡಿ ಮುರದಂಗ ಟಪ್ ಅಂತ ಬಿಡ್ಬೇಕಂತ, ಬಿಟ್ಟ ಮ್ಯಾಲ ಬೆರಳು ಇಷ್ಟ ಮುಂದ ತಂದ್ರ ಸಾಕು, ಮತ್ತ ರೆಡಿ ಅಂತ. ಕಂಪನಿ ಟ್ರಿಗರ್ ಎರಡೂವರಿ ಕೆಜಿ ಆಸುಪಾಸು ಇರ್ತದ, ಅದನ್ನ ಇಳಿಸ್ಲಾಕ ಬ್ಯಾರೆ ಕನೆಕ್ಟರ್, ಬ್ಯಾರೆ ಸ್ಪ್ರಿಂಗ್, ಚಪ್ಪಟಿ ಅಲ್ಯೂಮಿನಿಯಂ ಟ್ರಿಗರ್, ಒಂದೊಂದು ಕಿಟ್ಟಿಗಿ ನಮ್ ಒಬ್ಬ ಹಮಾಲನ ತಿಂಗಳ ಪಗಾರದಷ್ಟು ರೊಕ್ಕ. ನೋಡ್ತಾ ನೋಡ್ತಾ ನಂಗ ನಮ್ ಪಿಸ್ತೂಲಿನ ಟ್ರಿಗರ್ ಬಂಡಿ ಗಾಲಿ ಎಳದಂಗ ಅನಸ್ಲಾಕ ಶುರುವಾಯ್ತು. ನಾ ತೂಕದ ಧಂದೆದಾಗ ಇರೋನು, ಖಾಲಿ ಪಿಸ್ತೂಲಿಗಿ ಲಗೇಜ್ ತೂಗೋ ಸ್ಪ್ರಿಂಗ್ ಕಾಟಾ ಸಿಗಿಸಿ ನೋಡ್ದೆ, ಮೂರು ಕೆಜಿ ದಾಟ್ತು. ಅದೂ ನಡಕ ಕರಕರ ಅಂತ ತಿಕ್ಕೊಂತ ಬರ್ತಿತ್ತು.

ಇಲ್ಲೊಂದು ಮಾತು. ಗ್ಲಾಕ್ 9 ಎಂಎಂ, ಅದು ನಮ್ಮಲ್ಲಿ ಪ್ರೊಹಿಬಿಟೆಡ್ ಬೋರು, ಅಂದ್ರ ನಿಷೇಧ ಇರೋ ಅಳತಿ, ಸಾಮಾನ್ಯ ಲೈಸೆನ್ಸಿನಾಗ ಬರಂಗಿಲ್ಲ. ಅದರ ಪಾರ್ಟು ನಮ್ ಹಳಿ ಪಿಸ್ತೂಲಿಗಿ ಕೂಡಂಗೂ ಇಲ್ಲ. ಆದ್ರೂ ನಾ ಒಂದೆರಡು ಕಡಿ ಸ್ಪ್ರಿಂಗ್ ಕಿಟ್ ತರ್ಸಲಾಕ ಸಿಗ್ತದೇನು ಅಂತ ಹುಡುಕ್ದೆ, ದೇವ್ರು ದೊಡ್ಡೋನು, ಸಿಗ್ಲಿಲ್ಲ. ಆರ್ಮ್ಸ್ ಆಕ್ಟ್‌ನಾಗ ಆಯುಧ ಅಂದ್ರ ಅದರ ಬಿಡಿ ಭಾಗನೂ ಬರ್ತದ ಅಂತ ನಂಗ ಆಮ್ಯಾಲ ವಕೀಲರು ಹೇಳಿದ್ರು. ಪಾರ್ಸೆಲ್ ಬಂದಿದ್ರ ಅದೇ ಒಂದು ಬ್ಯಾರೆ ಕೇಸು.

ಕಿಟ್ ಸಿಗ್ಲಿಲ್ಲಂತ ಸುಮ್ ಕುಂದ್ರಬೇಕಿತ್ತು. ಯಾರೋ ಹೇಳಿದ್ರು, ಒಬ್ಬ ಮಿಸ್ತ್ರಿ ಇದ್ದಾನ, ಲೇತ್ ಕೆಲಸ, ಹೊಲಿಗಿ ಮಷೀನು, ಬೋರ್ ಮೋಟಾರು ಎಲ್ಲಾ ಮಾಡ್ತಾನ, ಕೈ ಭಾಳ ಸಾಫ್ ಅದ ಅಂತ. ಕೈ ಸಾಫ್ ಇತ್ತು ಅನ್ನೋದು ಸುಳ್ಳಲ್ಲ. ಲೈಸೆನ್ಸ್ ಏನಾರ ಅದ ಏನಪಾ ನಿಂದು ಅಂತ ನಾ ಕೇಳ್ಲೇ ಇಲ್ಲ, ಅವನೂ ಹೇಳ್ಲಿಲ್ಲ. "ಸಾವ್ಕಾರ, ಎರಡು ಜಾಗಾ ತಿಕ್ಕಾಟ ಅದ, ತೆಗದ್ ಕೊಡ್ತೀನಿ, ಹದಿನೈದುನೂರು ಕೊಡ್ರಿ" ಅಂದ. ಮರುದಿನ ಸಂಜಿಗಿ ಕೊಟ್ಟ. ಎಳದ್ ನೋಡ್ದೆ, ಆಹಾ. ವಿಡಿಯೋದಾಗ ಹೇಳ್ತಾರಲ್ಲ ಗಾಜಿನ ಕಡ್ಡಿ, ಬರೋಬ್ಬರಿ ಹಂಗೇ. ಕಾಟಾ ಸಿಗಿಸಿದ್ರ ಒಂದು ಕೆಜಿ ಇನ್ನೂರು ಗ್ರಾಂ. ಎರಡು ತಿಂಗಳು ಬಂದೋರಿಗೆಲ್ಲ ತೋರ್ಸಿದ್ದೇ ತೋರ್ಸಿದ್ದು. ಸುದ್ದಿ ಹರಡಿದ್ದೂ ಹಂಗೇ.

ಆ ದಿನ ಸಂಜಿ ಏಳು ಗಂಟಿ ಇರಬೇಕು. ಬ್ಯಾಂಕಿಂದ ಬಂದು ಗೋಡೌನಿನ ಒಳಗಿನ ಖೋಲ್ಯಾಗ ಪಿಸ್ತೂಲ್ ಖಾಲಿ ಮಾಡಿ ತಿಜೋರ್ಯಾಗ ಇಡಬೇಕು, ದಿನಾ ಮಾಡೋ ಕೆಲಸ. ಮೊದಲು ಮ್ಯಾಗಜೀನ್, ಅಂದ್ರ ಕಾಡತೂಸು ತುಂಬಿರೋ ಡಬ್ಬಿ, ತೆಗೀಬೇಕು, ಆಮ್ಯಾಲ ಸ್ಲೈಡ್ ಎಳೀಬೇಕು. ಫೋನು ಬಂತು, ರಾಯಚೂರಿನ ದಾಲ್ ಮಿಲ್ಲಿನೋರು, ರೇಟಿನ ಮ್ಯಾಲ ಜಗಳ. ಕಿವ್ಯಾಗ ಫೋನು ಒತ್ಕೊಂಡು ನಾ ಮೊದಲು ಸ್ಲೈಡ್ ಎಳ್ದೆ, ಒಂದು ಕಾಡತೂಸು ಹೊರಗ ಬಿತ್ತು, ಸ್ಲೈಡ್ ಮುಂದ ಹೋಗುವಾಗ ಮ್ಯಾಗಜೀನ್‌ದಾಗಿಂದ ಇನ್ನೊಂದು ಒಳಗ ಕುಂತ್ತು, ಆಮ್ಯಾಲ ಮ್ಯಾಗಜೀನ್ ತೆಗ್ದೆ. ನನ್ ತಲ್ಯಾಗ ಎರಡೂ ಕೆಲಸ ಆಗ್ಯಾವ, ಪಿಸ್ತೂಲು ಖಾಲಿ. ಫೋನ್ ಇಟ್ಟೆ. ಸಿಟ್ಟಿನಾಗಿದ್ದೆ. ಆ ಎರಡು ತಿಂಗಳಾಗ ಒಂದು ಚಟ ಬಿದ್ದಿತ್ತು ನಂಗ, ಖಾಲಿ ಪಿಸ್ತೂಲಿನ ಟ್ರಿಗರ್ ಟಪ್ ಅಂತ ಒಂದ್ಸಲ ಎಳದು ಆ ಸುಖ ನೋಡೋದು, ಕೆಲವರು ಬೆರಳು ಲಟಕ್ ಅನಸ್ತಾರಲ್ಲ ಹಂಗ. ಚೀಲದ ಥಪ್ಪಿ ಕಡಿ ಮಾಡಿ ಎಳ್ದೆ.

ಸಣ್ಣ ಖೋಲಿ, ತಗಡಿನ ಮಾಡು. ಆ ಸಪ್ಪಳ ನಂಗ ಸಪ್ಪಳ ಅಂತ ಕೇಳ್ಸಲೇ ಇಲ್ಲ, ಯಾರೋ ಎರಡೂ ಕಿವಿಗಿ ಒಮ್ಮೆಲೆ ಬಾರಿಸ್ದಂಗ ಆಯ್ತು. ಧೂಳು. ತೊಗರಿ ಸುರ್ರ್ ಅಂತ ಸುರಿಯೋ ಆವಾಜ್ ಮಾತ್ರ ಯಾವಾಗ್ಲೋ ಕೇಳ್ತು. ನಮ್ ಮುನೀಮಜಿ ಆ ಥಪ್ಪಿ ಬಾಜೂಕೇ ಇದ್ರು, ಸುತಳಿ ಉಂಡಿ ಬಿದ್ದದ್ದಂತ ಬಗ್ಗಿದ್ರು. ಎದ್ದು ನಿಂತು ನನ್ ಮಾರಿ ನೋಡಿದ್ರು. ಮೂವತ್ತು ವರ್ಷ ಆಯ್ತು ಅವರು ನಮ್ ಅಂಗಡಿಗಿ ಬಂದು, ನಾ ಚೊಣ್ಣ ಹಾಕ್ಕೊಂಡಿದ್ದಾಗಿಂದ ನೋಡ್ಯಾರ. ಒಂದು ಮಾತು ಬೈಲಿಲ್ಲ. "ಅಪ್ಪಾ, ಅದನ್ನ ಮೊದಲು ಕೆಳಗಿಡು" ಅಂದ್ರು. ಅಷ್ಟೇ. ಬೈದಿದ್ರ ಛಲೋ ಇತ್ತು.

ಗುಂಡು ಎರಡನೇ ಚೀಲದಾಗ ಸಿಕ್ತು. ಹಮಾಲರು ಚೀಲ ಸುರುವಿ ಜರಡಿ ಹಿಡದು ಹುಡುಕಿದ್ರು.

ಆ ರಾತ್ರಿನೇ ವಕೀಲ ಮಾಮಾನ್ನ ಕರ್ಕೊಂಡು ಠಾಣಿಗಿ ಹೋಗಿ ನಾನೇ ಬರದು ಕೊಟ್ಟೆ. ಮುಚ್ಚಿ ಹಾಕು ಅಂದೋರೂ ಇದ್ರು. ಆದ್ರ ಕಾಡತೂಸಿಗೆಲ್ಲ ಲೆಕ್ಕ ಅದ, ಹನ್ನೆರಡು ಹಮಾಲರು ಸಪ್ಪಳ ಕೇಳ್ಯಾರ, ಎಷ್ಟ್ ದಿನ ಮುಚ್ಚತೀರಿ? ಪಿಸ್ತೂಲು ಡೀಲರ್ ಕಡಿ ಠೇವಣಿಗಿ ಹೋಯ್ತು, ಲೈಸೆನ್ಸ್ ಯಾಕ ರದ್ದು ಮಾಡಬಾರ್ದು ಅಂತ ನೋಟೀಸ್ ಬಂದದ. ಮಿಸ್ತ್ರಿ ವಿಷಯದಾಗ ನಡದಿರೋದನ್ನ ಇಲ್ಲಿ ಬರಿಯಂಗಿಲ್ಲ, ವಕೀಲರು ಬ್ಯಾಡ ಅಂದಾರ. ಇಷ್ಟು ಹೇಳ್ತೀನಿ, ಆರ್ಮ್ಸ್ ಆಕ್ಟ್ ಸೆಕ್ಷನ್ 5ರಾಗ ಮಾಡೋದು, ಮಾರೋದು ಅಷ್ಟೇ ಅಲ್ಲ, ರಿಪೇರಿ ಅನ್ನೋ ಶಬ್ದನೂ ಅದ. ಲೈಸೆನ್ಸ್ ಇಲ್ಲದವ ರಿಪೇರಿ ಧಂದೆ ಮಾಡಿದ್ರ ಅವನಿಗಿ ತಪ್ಪು, ಕೊಟ್ಟ ನಿಮಗೂ ಕುತ್ತು, 2019ರ ತಿದ್ದುಪಡಿ ಆದ್ಮ್ಯಾಲ ಶಿಕ್ಷಾನೂ ಭಾಳ ಹೆಚ್ಚ ಮಾಡ್ಯಾರ.

ಈಗ ಅಸಲಿ ಮಾತಿಗಿ ಬರ್ತೀನಿ. ಡೀಲರ್ ಕಡಿಯ ಲೈಸೆನ್ಸ್ ಇರೋ ಹಳಿ ಕಾರಿಗರು ಪಿಸ್ತೂಲ್ ಬಿಚ್ಚಿ ನನ್ನೇ ಬಾಜೂಕ ಕುಂದರ್ಸಿ ತೋರ್ಸಿದ್ರು. ಈ ಮಾಡೆಲ್ಲಿಗಿ ಮೂರು ಸೇಫ್ಟಿ. ಹೆಬ್ಬಟ್ಟಿಲೆ ಹಾಕೋದೊಂದು, ಹಿಡಿಕಿ ಹಿಂದ ಒತ್ತಿದ್ರಷ್ಟೇ ಬಿಡೋದೊಂದು, ಮೂರನೇದು ಮ್ಯಾಗಜೀನ್ ಸೇಫ್ಟಿ, ಅಂದ್ರ ಮ್ಯಾಗಜೀನ್ ಹೊರಗ ತೆಗದ್ರ ಟ್ರಿಗರ್ ಕೆಲಸಾನೇ ಮಾಡಬಾರ್ದು. ನಾ ಮಾಡಿದ ತಪ್ಪು, ಚೇಂಬರಿನಾಗ, ಅಂದ್ರ ನಳಿಗಿ ಹಿಂದಿನ ಜಾಗಾದಾಗ, ಒಂದು ಕಾಡತೂಸು ಉಳಿಸಿ ಮ್ಯಾಗಜೀನ್ ತೆಗ್ಯೋದು, ಅದೇ ತಪ್ಪು ನನಕಿಂತ ಮೊದಲು ಸಾವಿರ ಮಂದಿ ಮಾಡ್ಯಾರ, ಅದಕ್ಕಂತಲೇ ನೂರು ವರ್ಷದ ಹಿಂದ ಅದನ್ನ ಇಟ್ಟಿದ್ದು. ಮಿಸ್ತ್ರಿ "ತಿಕ್ಕಾಟ" ಅಂದನಲ್ಲ, ಎರಡು ಜಾಗಾದಾಗ ಒಂದು ಜಾಗಾ ಅದೇ. ಕರಕರ ಅಂತಿದ್ದ ಆ ತುಂಡನ್ನ ಅಂವ ಕೆಲಸಕ್ಕ ಬರದಂಗ ಮಾಡಿದ್ದ. ನಾ ಎರಡು ತಿಂಗಳು ಯಾವುದಕ್ಕ ಆಹಾ ಆಹಾ ಅಂದೆನೋ ಅದು ಸೇಫ್ಟಿ ಇಲ್ಲದ್ದರ ಸುಖ.

ಎರಡನೇದು ಇನ್ನೂ ಕೆಟ್ಟದ್ದು. ಹಳಿ ಕಾಲದ ಇಂಥ ಪಾರ್ಟಿಗಿ ಉಕ್ಕು ಮ್ಯಾಲ್ ಮ್ಯಾಲ ಅಷ್ಟೇ ಗಟ್ಟಿ ಇರ್ತದಂತ, ಬೆಲ್ಲದ ಪೆಂಟಿ ಮ್ಯಾಲಿನ ಪದರ ಹಂಗ ತಿಳ್ಕೊರಿ. ಅದನ್ನ ಸಾಣಿ ಹಿಡದು ತೆಗದ್ರ ಒಳಗಿನ ಮೆತ್ತಗಿನ ಲೋಹ ಹೊರಗ ಬರ್ತದ. ಹೊಸದಾಗಿ ಭಾಳ ನಾಜೂಕ ಅನಸ್ತದ, ದಿನಾ ದಿನಾ ಟಪ್ ಟಪ್ ಅಂತ ಎಳದಂಗ ಅಂಚು ಸವದು ದುಂಡಗ ಆಗ್ತದ. ಕಾರಿಗರು ಖಾಲಿ ಪಿಸ್ತೂಲಿನ ಸ್ಲೈಡ್ ಎಳದು ಬಿಟ್ರು. ಟ್ರಿಗರಿಗಿ ಬೆರಳು ಹಚ್ಚಿಲ್ಲ. ಟಿಕ್ ಅಂತ ಪಿನ್ನು ತಾನೇ ಮುಂದ ಬಿತ್ತು. ಮತ್ತೊಂದ್ಸಲ ಮಾಡಿದ್ರು, ಈ ಸಲ ನಿಂತ್ತು. ಮೂರನೇ ಸಲ ಮತ್ತ ಬಿತ್ತು. "ಸೇಠ್, ಕಾಡತೂಸು ಹಾಕಿ ಸ್ಲೈಡ್ ಬಿಟ್ಟಿದ್ರ ಯಾವತ್ತೋ ಒಂದಿನ ನೀವು ಏನೂ ಮಾಡದೇ ಇದು ಹೊಡೀತಿತ್ತು" ಅಂದ್ರು. ನಾ ಆ ಪಿಸ್ತೂಲು ಸೊಂಟಕ್ಕ ಇಟ್ಕೊಂಡು ಸ್ಕೂಟರ್ ಮ್ಯಾಲ ಸೂಪರ್ ಮಾರ್ಕೆಟ್ ಗದ್ದಲದಾಗ ತಿರಗೀನಿ. ಅವತ್ತಿಂದ ನಿದ್ದಿ ಸರಿ ಇಲ್ಲ.

ಮತ್ತ ಅಮೆರಿಕದ ಮಂದಿ ಮಾಡ್ತಾರಲ್ಲ ಅಂತ ಕೇಳ್ಬಹುದು, ನಾನೂ ಕಾರಿಗರಿಗಿ ಅದೇ ಕೇಳ್ದೆ. ಗ್ಲಾಕ್‌ನಾಗ ಸ್ಟ್ರೈಕರ್ ಅರ್ಧಮರ್ಧ ಅಷ್ಟೇ ಹಿಂದ ಇರ್ತದ, ಉಳದದ್ದು ಟ್ರಿಗರ್ ಎಳೆಯೋ ನಮ್ ಬೆರಳೇ ಜಗ್ಗಬೇಕು, ಅದಲ್ದೇ ಪಿನ್ನಿಗಿ ಅಡ್ಡ ಒಂದು ಬ್ಲಾಕ್ ಇರ್ತದ, ಟ್ರಿಗರ್ ಎಳೀದೇ ಅದು ಸರಿಯಂಗಿಲ್ಲ. ನಮ್ 1922ನಾಗ ಸ್ಟ್ರೈಕರ್ ಪೂರಾ ಜಗ್ಗೇ ನಿಂತಿರ್ತದ, ಆ ಬ್ಲಾಕ್ ಇಲ್ಲ, ನಡಕ ಇರೋದು ಆ ಒಂದು ಕೊಕ್ಕಿ. ಎರಡಕ್ಕೂ ಸ್ಟ್ರೈಕರ್ ಅನ್ನೋ ಹೆಸರೊಂದೇ, ನಾ ಹೆಸರು ನೋಡಿ ಮೋಸ ಹೋದೆ. ಮತ್ತ ಅಲ್ಲೂ ಎಲ್ಲಾ ಸುಖ ಇಲ್ಲ. ಹಗುರ ಸ್ಪ್ರಿಂಗ್ ಹಾಕಿದ್ರ ಒಮ್ಮೊಮ್ಮೆ ಪಿನ್ನಿಗಿ ಜೋರು ಸಾಲದೇ ಕಾಡತೂಸು ಹೊಡಿಯಂಗಿಲ್ಲ, ಜೀವ ಉಳಸ್ಕೋಬೇಕಾದಾಗ ಬರೇ ಟಿಕ್ ಅಂತದ. 2017ರಾಗ ಸಿಗ್ ಪಿ320 ಅನ್ನೋ ಪಿಸ್ತೂಲು ಕೆಳಗ ಬಿದ್ದಾಗ ಹೊಡೀತದ ಅಂತ ಗಲಾಟಿ ಆಗಿ ಕಂಪನಿನೇ ಪಾರ್ಟ್ ಬದಲು ಮಾಡಿ ಕೊಡೋ ಯೋಜನಾ ತಂತು, ಅದ್ರಾಗ ಮಾಡಿದ ಒಂದು ಬದಲಾವಣಿ ಟ್ರಿಗರಿನ ತುಂಡನ್ನೇ ಹಗುರ ಮಾಡಿದ್ದು, ಯಾಕಂದ್ರ ಬಿದ್ದ ಝಟಕಾಕ್ಕ ಟ್ರಿಗರ್ ತನ್ನ ಭಾರಕ್ಕ ತಾನೇ ಹಿಂದ ಸರೀತಿತ್ತು. ಅಂಥಾ ಕಂಪನಿಗೇ ಇಷ್ಟು ಕಷ್ಟ ಇರೋ ಜಾಗಾದಾಗ ಹೊಲಿಗಿ ಮಷೀನ್ ಮಿಸ್ತ್ರಿಗಿ ಕೈ ಹಾಕ್ಸಿದ್ದು ನಾನು.

ನಮ್ ಅಕ್ಕನ ಮಗ ಶೂಟಿಂಗ್ ಆಡ್ತಾನ, ಏರ್ ಪಿಸ್ತೂಲು. ಅವಂದು ಟ್ರಿಗರ್ 500 ಗ್ರಾಂ, 25 ಮೀಟರಿನ ಪಿಸ್ತೂಲಿಗಿ ಕಮ್ಮಿ ಅಂದ್ರ 1000 ಗ್ರಾಂ ಇರಬೇಕಂತ ರೂಲ್. "ಮಾಮಾ, ನಿಂದು ಅದಕ್ಕ ಹತ್ರ ಬಂದಿತ್ತಲ್ಲ" ಅಂತ ನಗ್ತಾನ. ಆದ್ರ ಅವರ ಪಿಸ್ತೂಲು ಟೇಬಲ್ ಮ್ಯಾಲ ಇರ್ತದ, ಲೋಡ್ ಮಾಡು ಅಂದ ಮ್ಯಾಲ ಲೋಡು, ಮುಂದ ಟಾರ್ಗೆಟ್ ಬಿಟ್ರ ಮತ್ತೇನಿಲ್ಲ. ನಮ್ದು ಸೊಂಟದಾಗ ಇರ್ತದ, ಬೆವರು, ಸ್ಕೂಟರ್, ಫೋನು, ಸಿಟ್ಟು ಎಲ್ಲಾದ್ರ ಜೋಡಿ.

ಟ್ರಿಗರ್ ಖರೇನೇ ಕರಕರ ಅನ್ನಲತ್ತಿದ್ರ ಲೈಸೆನ್ಸ್ ಇರೋ ಡೀಲರ್ ಕಡಿ ಒಯ್ರಿ, ರಸೀದಿ ತಗೊರಿ. ನಂದು ಕಾರಿಗರು ನೋಡಿ ಹೇಳಿದ್ದೇನಂದ್ರ ಒಳಗ ಇಪ್ಪತ್ತು ವರ್ಷದ ಗಟ್ಟಿಯಾದ ಎಣ್ಣಿ, ಧೂಳು, ನಡಕ ತೊಗರಿ ಹೊಟ್ಟು. ಬಿಚ್ಚಿ ತೊಳದು ಎಣ್ಣಿ ಹಾಕಿದ್ರ ಅರ್ಧ ಕರಕರ ಹೋಗ್ತಿತ್ತು ಅಂತ. ಹೈದರಾಬಾದ್ ಸಮೀಪ ಅದ ಅಂತ ಪಿಸ್ತೂಲ್ ತಗೊಂಡು ಗಾಡಿ ಹತ್ತಬ್ಯಾಡ್ರಿ ಮತ್ತ, ಲೈಸೆನ್ಸಿನ ಮ್ಯಾಲ ಕರ್ನಾಟಕ ಅಷ್ಟೇ ಅಂತ ಇದ್ರ ಗಡಿ ದಾಟಂಗಿಲ್ಲ, ಮೊದಲು ಅದನ್ನ ಓದ್ರಿ. ಹಳಿ ಪಿಸ್ತೂಲು ಯಾರ ಕಡಿಂದಾರ ತಗೊಳ್ಳೋರಿದ್ರ ಟ್ರಿಗರ್ ಭಾಳ ಮೆತ್ತಗ ಅದ ಅಂತ ಖುಷಿ ಪಡೋಕಿಂತ ಮೊದಲು ಯಾರು ಕೈ ಹಚ್ಚ್ಯಾರ ಅಂತ ಕೇಳ್ರಿ, ಡೀಲರ್ ಮುಂದೇ ಬಿಚ್ಚಿಸಿ ನೋಡ್ರಿ.

ತೂತು ಬಿದ್ದ ಆ ಚೀಲ ಇನ್ನೂ ಗೋಡೌನಿನಾಗೇ ಅದ. ಮುನೀಮಜಿ ಅದನ್ನ ಮಾರ್ಲಾಕ ಬಿಡವಲ್ರು, ಹೊಲೀಲಾಕೂ ಬಿಡವಲ್ರು, ತೂತಿಗಿ ಒಂದು ಚಿಂದಿ ತುರಕಿ ಇಟ್ಟಾರ. ಮಿಸ್ತ್ರಿ ನಂಬರ್ ಕೇಳಿದ ಸಾವ್ಕಾರ್ರನ್ನ ಒಳಗ ಕರ್ಕೊಂಡ್ ಹೋಗಿ ಚಿಂದಿ ತೆಗದು ತೋರ್ಸ್ದೆ. ಬೆರಳು ತೂರ್ಸಿ ನೋಡಿದ್ರು, ನಾಕು ಕಾಳು ಕೈಯಾಗ ಬಂತು. "ಈ ಸಲ ತೊಗರಿ ರೇಟ್ ಏನ್ ಆಗಬಹುದ್ರೀ" ಅಂತ ಕೇಳಿ ಎದ್ದು ಹೋದ್ರು.