ಕೊಳವೆಬಾವಿಗೆ ಗಾಮಾ ಲಾಗಿಂಗ್: ಮಾಡಿಸಬಹುದು, ಆದರೆ ನೀರು ಹುಡುಕುವುದಕ್ಕಲ್ಲ

ನಮ್ಮದು ಕನಕಪುರದ ಕಡೆ ಹಿಪ್ಪುನೇರಳೆ ತೋಟ, 620 ಅಡಿ ಕೊಳವೆಬಾವಿ. ಈಚೆಗೆ ಮೋಟರ್ ಹಾಕಿದ ಕೂಡಲೇ ಕೆಂಪು ರಾಡಿ ಬರುತ್ತಿತ್ತು, ಡ್ರಿಪ್ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು. ಇನ್ನೂ ಮುನ್ನೂರು ಅಡಿ ಕೊರೆಸಿ ಎನ್ನುವುದು ಬೋರ್ ಏಜೆಂಟರ ಸಲಹೆ. ಅವರಿಗೇನು, ಅಡಿ ಲೆಕ್ಕದಲ್ಲಿ ದುಡ್ಡು. ಕ್ಯಾಮೆರಾ ಇಳಿಸಿ ನೋಡಿದರೆ ನೀರಿನ ಮಟ್ಟದಿಂದ ಕೆಳಗೆ ಬರೀ ಕೆಸರು. ರಾಡಿ ನೀರಲ್ಲೂ ಕೆಲಸ ಮಾಡುವಂಥದ್ದು ಬೇಕಿತ್ತು, ಅದಕ್ಕೇ ಗಾಮಾ ಲಾಗಿಂಗ್ ಮಾಡಿಸಿದೆ, ಅಂದರೆ ಅಳೆಯುವ ಪ್ರೋಬ್ ಒಂದನ್ನು ಬಾವಿಗೆ ಇಳಿಸಿ ಎಷ್ಟು ಆಳದಲ್ಲಿ ಎಂಥ ಕಲ್ಲಿದೆ ಎಂದು ಗಾಮಾ ಕಿರಣದಿಂದ ತಿಳಿಯುವುದು.

ಬಂದವರು ಇಬ್ಬರು. ಒಂದು ಜೀಪು, ಬಾವಿಯ ಬಾಯಿಗೆ ಇಡುವ ಮುಕ್ಕಾಲಿ, ಕೇಬಲ್ ಸುತ್ತಿದ ವಿಂಚ್, ಒಂದು ಲ್ಯಾಪ್‌ಟಾಪ್, ಮತ್ತೆ ಮೊಣಕೈ ದಪ್ಪದ ಉದ್ದನೆಯ ಸ್ಟೀಲ್ ಪ್ರೋಬ್. ವಿಕಿರಣ ಅಂದ ತಕ್ಷಣ ಅಕ್ಕಪಕ್ಕದವರೆಲ್ಲ ಬಂದರು. "ನಮ್ಮ ಬಾವಿಗೂ ಇಳಿಯುತ್ತೇನ್ರೀ ಅದು?" ಇಳಿಯುವುದಿಲ್ಲ. ಈ ಪ್ರೋಬ್ ಏನನ್ನೂ ಹೊರಗೆ ಬಿಡುವುದಿಲ್ಲ. ಕಲ್ಲಿನಲ್ಲಿ ಮೊದಲಿಂದಲೂ ಇರುವ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂಗಳಿಂದ ಬರುವ ಗಾಮಾ ಕಿರಣಗಳನ್ನು ಎಣಿಸುತ್ತದೆ, ಅಷ್ಟೇ. ಒಳಗೆ ಸೋಡಿಯಂ ಅಯೋಡೈಡ್ ಹರಳು ಇದೆ. ಕಿರಣ ಬಡಿದಾಗ ಅದು ಸಣ್ಣಗೆ ಮಿಂಚುತ್ತದೆ, ಪಕ್ಕದ ಟ್ಯೂಬು ಆ ಮಿಂಚನ್ನು ಎಣಿಸುತ್ತದೆ. ಸಾಂದ್ರತೆ ಅಳೆಯುವ ಬೇರೆ ಪ್ರೋಬ್‌ಗಳಲ್ಲಿ ಸೀಸಿಯಂ-137 ತರಹದ ವಿಕಿರಣ ಮೂಲ ಇರುತ್ತದೆ, ಅದರ ಕಥೆ ಬೇರೆ. ಫೋನ್ ಮಾಡುವಾಗಲೇ "ನ್ಯಾಚುರಲ್ ಗಾಮಾ ಮಾತ್ರ ತಾನೇ?" ಎಂದು ಕೇಳಿಕೊಳ್ಳಿ.

ನನಗೆ ತುಂಬ ಇಷ್ಟವಾಗಿದ್ದು ಇಳಿಸುವ ಮೊದಲು ಮಾಡಿದ ಪರೀಕ್ಷೆ. ಟೆಕ್ನಿಷಿಯನ್ ಹುಡುಗ ನಮ್ಮ ಶೆಡ್ಡಿನಿಂದ ಒಂದು ಚೀಲ ಪೊಟ್ಯಾಷ್ ಗೊಬ್ಬರ ತರಿಸಿ ಪ್ರೋಬ್‌ಗೆ ಒರಗಿಸಿದ. ಲ್ಯಾಪ್‌ಟಾಪಿನಲ್ಲಿ ಅಂಕಿ ಸರ್ರನೆ ಏರಿತು. ಚೀಲ ಎತ್ತಿದ, ಇಳಿಯಿತು. ಪೊಟ್ಯಾಸಿಯಂನಲ್ಲಿ ಶೇಕಡಾ 0.012ರಷ್ಟು ಪೊಟ್ಯಾಸಿಯಂ-40 ಇರುತ್ತದೆ, ಆ ಚೂರಿಗೇ ಇಷ್ಟು ಗದ್ದಲ. ಇಷ್ಟು ವರ್ಷ ಅದೇ ಚೀಲದ ಮೇಲೆ ಕೂತು ಟೀ ಕುಡಿದಿದ್ದೇವೆ. ನೋಡುತ್ತಾ ನಿಂತವರ ಭಯ ಅಲ್ಲಿಗೆ ಮುಗಿಯಿತು.

ಇನ್ನು ಮುಖ್ಯ ದೂರು. ರೀಡಿಂಗನ್ನು ಪ್ರೋಬ್ ಮೇಲೆ ಎಳೆಯುವಾಗ ತೆಗೆದುಕೊಳ್ಳುತ್ತಾರೆ, ಕೇಬಲ್ ಬಿಗಿಯಾಗಿದ್ದರೆ ಆಳದ ಲೆಕ್ಕ ಸರಿಯಾಗಿ ಸಿಗುತ್ತದೆ. ಆದರೆ ನಿಧಾನಕ್ಕೆ ಎಳೆಯಬೇಕು. ಗಾಮಾ ಕಿರಣ ಗಡಿಯಾರದ ಹಾಗೆ ಹೊಡೆಯುವುದಿಲ್ಲ, ಪ್ರೋಬನ್ನು ಒಂದೇ ಕಡೆ ನಿಲ್ಲಿಸಿದರೂ ಅಂಕಿ ಕುಣಿಯುತ್ತಿರುತ್ತದೆ. ನೂರು ಎಣಿಸಿದರೆ ಹತ್ತು ಆ ಕಡೆ ಈ ಕಡೆ ಆಗುವುದು ಮಾಮೂಲು. ಸಾವಿರಾರು ಎಣಿಸಿದರೆ ಮಾತ್ರ ಲ್ಯಾಪ್‌ಟಾಪಿನಲ್ಲಿ ಆಳಕ್ಕೆ ತಕ್ಕಂತೆ ಎಣಿಕೆ ತೋರಿಸುವ ಗೆರೆ ನಂಬಿಕೆಗೆ ಬರುತ್ತದೆ. ಇವರು ಊಟದ ಹೊತ್ತಾಯಿತೆಂದು ವಿಂಚನ್ನು ಜೋರಾಗಿ ಓಡಿಸಿದರು. ಗೆರೆ ಪೂರ್ತಿ ಗರಗಸ. ಇನ್ನೊಮ್ಮೆ ನಿಧಾನಕ್ಕೆ ಎಳೆಯಿರಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಎಂದೆ. ಮುಖ ಸಿಂಡರಿಸಿದರು, ಮಾಡಿದರು. ರಿಪೀಟ್ ರನ್ ಕೊಡುವುದು ಅವರ ಕೆಲಸ, ಉಪಕಾರ ಅಲ್ಲ. ಅದನ್ನೂ ಕೇಳಿಯೇ ಪಡೆಯಬೇಕಾಯಿತು.

ಎರಡನೇ ಗೆರೆ ಮಾತ್ರ ಚೆನ್ನಾಗಿ ಬಂತು. ನಮ್ಮ ಸೀಮೆಯ ಗ್ರಾನೈಟಿನಲ್ಲಿ ಪೊಟ್ಯಾಸಿಯಂ ಇರುವ ಫೆಲ್ಡ್‌ಸ್ಪಾರ್ ಜಾಸ್ತಿ, ಹಾಗಾಗಿ ಎಣಿಕೆ ಮೇಲೆಯೇ ಇತ್ತು, ಸೆಕೆಂಡಿಗೆ ಸುಮಾರು 180. ಆಮೇಲೆ 312 ಅಡಿಗೆ ಧಡಾರನೆ 30ಕ್ಕೆ ಬಿದ್ದು, 367 ಅಡಿಗೆ ಮತ್ತೆ ಏರಿದೆ. ಅದು ಡಾಲರೈಟ್ ಡೈಕ್ (ಹಳೆ ಕಲ್ಲಿನ ಬಿರುಕಿಗೆ ಶಿಲಾರಸ ನುಗ್ಗಿ ಗಟ್ಟಿಯಾದ ಕಪ್ಪು ಕಲ್ಲಿನ ಪಟ್ಟಿ), ಕನಕಪುರದ ಕ್ವಾರಿಗಳಿಂದ ಕರಿ ಗ್ರಾನೈಟ್ ಎಂದು ಮಾರಾಟವಾಗುವ ಅದೇ ಜಾತಿಯ ಕಲ್ಲು. ಅದರಲ್ಲಿ ಪೊಟ್ಯಾಸಿಯಂ, ಥೋರಿಯಂ ಎರಡೂ ಕಡಿಮೆ. ಕೊರೆಯುವಾಗ ಕಪ್ಪು ಪುಡಿ ಬಂದಿದ್ದು ಅಪ್ಪನಿಗೆ ನೆನಪಿತ್ತು, ಎಷ್ಟು ಅಡಿಗೆ ಅನ್ನುವುದು ಯಾರಿಗೂ ನೆನಪಿರಲಿಲ್ಲ.

ದುಡ್ಡು ವಸೂಲಾಗಿದ್ದು ಮೇಲ್ಭಾಗದಲ್ಲಿ. ಗಾಮಾ ಕಿರಣ ಕಬ್ಬಿಣದ ಕೇಸಿಂಗ್ ದಾಟಿಯೂ ಬರುತ್ತದೆ, ಸ್ವಲ್ಪ ಕಮ್ಮಿಯಾಗಿ. ಅದಕ್ಕೆ ಕೇಸಿಂಗ್ ಮುಗಿಯುವ ಕಡೆ ಗೆರೆಯಲ್ಲಿ ಒಂದು ಮೆಟ್ಟಿಲು ಕಾಣುತ್ತದೆ. ನಮ್ಮ ಬಿಲ್ಲಿನಲ್ಲಿ ಕೇಸಿಂಗ್ 100 ಅಡಿ, ಗೆರೆಯಲ್ಲಿ ಮೆಟ್ಟಿಲು 70ಕ್ಕೆ. ಕಲ್ಲು ಬದಲಾದರೂ ಹೀಗೆ ಕಾಣಬಹುದು ಎಂದು ಹುಡುಗ ಎಚ್ಚರಿಕೆಯಿಂದಲೇ ಹೇಳಿದ. ಅಷ್ಟು ಮೇಲೆ ನೀರಿಲ್ಲ, ಕ್ಯಾಮೆರಾ ರೆಕಾರ್ಡಿಂಗ್ ಮತ್ತೆ ಹಾಕಿ ನೋಡಿದೆವು. 70ಕ್ಕೇ ಪೈಪು ಖತಂ, ಅದರ ಕೆಳಗೆ ಕೊಳೆತ ಕಲ್ಲಿನ ಮಣ್ಣು ಜಾರುತ್ತಿದೆ. ಮೊದಲ ಸಲ ಎಲ್ಲರೂ ಕೆಳಗಿನ ನೀರನ್ನೇ ನೋಡುತ್ತಿದ್ದೆವು, ಇಲ್ಲಿ ಯಾರ ಕಣ್ಣೂ ನಿಂತಿರಲಿಲ್ಲ. ರಾಡಿಯ ಮೂಲ ಅದೇ. ಆಳಕ್ಕೆ ಕೊರೆಸಿದ್ದರೆ ದುಡ್ಡೂ ಹೋಗುತ್ತಿತ್ತು, ರಾಡಿಯೂ ಉಳಿಯುತ್ತಿತ್ತು, ಅಲ್ವಾ?

ರಿಪೋರ್ಟ್ ವಿಷಯಕ್ಕೆ ಬಂದರೆ ನನಗೆ ಸಿಟ್ಟಿದೆ. ಬಣ್ಣಬಣ್ಣದ ಪಿಡಿಎಫ್, ಎಣಿಕೆ ಇಳಿದ ಕಡೆಯೆಲ್ಲ ನೀಲಿ ಬಾಣ ಹಾಕಿ "ನೀರಿನ ಸೆಲೆ" ಎಂದು ಬರೆದಿದ್ದಾರೆ. ಸುಮ್ನೆ ಬರೆದಿದ್ದು. ಗಾಮಾಗೆ ನೀರು ಕಾಣುವುದಿಲ್ಲ, ಕಲ್ಲು ಕಾಣುತ್ತದೆ. ಡೈಕ್ ಬಂದರೂ ಎಣಿಕೆ ಇಳಿಯುತ್ತದೆ, ಬೆಣಚುಕಲ್ಲಿನ ಎಳೆ ಬಂದರೂ ಇಳಿಯುತ್ತದೆ, ಬಾವಿಯ ಗೋಡೆ ಕುಸಿದು ಅಗಲವಾಗಿದ್ದರೂ ಇಳಿಯುತ್ತದೆ. ಡೈಕ್ ಮತ್ತು ಗ್ರಾನೈಟ್ ಸೇರುವ ಜಾಗದಲ್ಲಿ ಬಿರುಕು ಇರಬಹುದು, ನೀರೂ ಇರಬಹುದು. ಇದೆ ಎನ್ನುವುದಕ್ಕೆ ಉಷ್ಣತೆ, ವಿದ್ಯುತ್ ರೋಧ, ಬಾವಿಯ ಅಗಲ ಅಳೆಯುವ ಕ್ಯಾಲಿಪರ್ ಇವೆಲ್ಲ ಜೊತೆಗೆ ಬೇಕು.

512 ಅಡಿಯಲ್ಲಿ ಒಂದು ಚೂಪು ಏರಿಕೆ ಇದೆ, ಅದರ ಬಗ್ಗೆ ರಿಪೋರ್ಟಿನಲ್ಲಿ ಒಂದು ಸಾಲೂ ಇಲ್ಲ. ಪೆಗ್ಮಟೈಟ್ (ದಪ್ಪ ಹರಳುಗಳ ಗ್ರಾನೈಟ್ ಜಾತಿಯ ಕಲ್ಲು) ಎಳೆಯ ಪೊಟ್ಯಾಸಿಯಂ ಇರಬಹುದು, ಬಿರುಕಿಗೆ ಅಂಟಿದ ಯುರೇನಿಯಂ ಇರಬಹುದು. ಎಲ್ಲ ಕಿರಣವನ್ನೂ ಒಟ್ಟಿಗೆ ಎಣಿಸುವ ಪ್ರೋಬ್ ಅದನ್ನು ಬಿಡಿಸಿ ಹೇಳಲಾರದು, ಕಿರಣಗಳನ್ನು ಅವುಗಳ ಶಕ್ತಿಯ ಪ್ರಕಾರ ಬೇರೆ ಮಾಡಿ ಎಣಿಸುವ ಸ್ಪೆಕ್ಟ್ರಲ್ ಗಾಮಾ ಬೇಕು. ಮನೆಗೂ ಇದೇ ನೀರು. ಅದಕ್ಕೆ ನಾನು ಇನ್ನೊಂದು ಪ್ರೋಬ್‌ಗೆ ಖರ್ಚು ಮಾಡದೆ ನೀರನ್ನೇ ಲ್ಯಾಬಿಗೆ ಕಳಿಸಿದ್ದೇನೆ. ಕುಡಿಯುವ ನೀರಿನಲ್ಲಿ ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ.

ಅಳತೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ರಿಪೋರ್ಟಿಗೆ ಒಂದೂವರೆ. ಮಾಡಿಸುವವರು ಎಲ್‌ಎಎಸ್ ಫೈಲ್ (ಆಳ, ಎಣಿಕೆಗಳ ಮೂಲ ಅಂಕಿ ಇರುವ ಫೈಲ್) ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಅದು ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ, ಬೇರೆ ಭೂವಿಜ್ಞಾನಿಗೂ ತೋರಿಸಬಹುದು. ಆಳ ಮೀಟರಿನಲ್ಲಿದೆಯೋ ಅಡಿಯಲ್ಲೋ, ಸೊನ್ನೆ ನೆಲದಿಂದಲೋ ಕೇಸಿಂಗ್ ತುದಿಯಿಂದಲೋ ಎನ್ನುವುದನ್ನೂ ಬರೆಸಿಕೊಳ್ಳಿ. ನಮ್ಮ ಕೇಸಿಂಗ್ ನೆಲದಿಂದ ಎರಡು ಅಡಿ ಮೇಲಿದೆ. ಜಾರುವ ಮಣ್ಣು ತಡೆಯಲು ಒಳಗೆ ಇನ್ನೊಂದು ಪೈಪು ಇಳಿಸುವಾಗ ಆ ಎರಡಡಿಗೂ ಲೆಕ್ಕವಿದೆ.