ಬ್ಯಾಟರಿ ಗರಗಸ: ಆರು ತಿಂಗಳ ಬಳಕೆಯ ನಂತರ

ಬಾಗಲಕೋಟೆಯ ನವನಗರದಲ್ಲಿ ಬಾಗಿಲು, ಕಪಾಟು ಮಾಡುವ ನಾನು 18 ವೋಲ್ಟಿನ, 165 ಮಿ.ಮೀ. ದುಂಡು ಬ್ಲೇಡಿನ ಈ ಗರಗಸವನ್ನು ಆರು ತಿಂಗಳಿಂದ ಬಳಸುತ್ತಿದ್ದೇನೆ. ಕರೆಂಟು ಇನ್ನೂ ಬಾರದ ಹೊಸ ಮನೆಗಳಲ್ಲಿ ಇದರ ಉಪಕಾರ ದೊಡ್ಡದು. ಪ್ಲೈವುಡ್ಡನ್ನು ಸಲೀಸಾಗಿ ಕೊಯ್ಯುತ್ತದೆ, ದಪ್ಪ ಸಾಗವಾನಿಗೆ ಮಾತ್ರ ಬ್ಯಾಟರಿ ಬೇಗ ಇಳಿಯುತ್ತದೆ.

ನನ್ನ ಅಸಮಾಧಾನವಿರುವುದು ಕೆಳಗಿನ ಗಾರ್ಡಿನ, ಅಂದರೆ ಕೊಯ್ದಾದ ಮೇಲೆ ಬ್ಲೇಡನ್ನು ತಾನಾಗಿಯೇ ಮುಚ್ಚಬೇಕಾದ ಕವಚದ ಬಗ್ಗೆ. ಸ್ಪ್ರಿಂಗಿನ ಬಳಿ ಕಟ್ಟಿಗೆಯ ಹೊಟ್ಟು ತುಂಬಿ ಒಮ್ಮೆ ಅದು ಅರ್ಧಕ್ಕೇ ನಿಂತಿತು. ಸ್ವಿಚ್ಚು ಬಿಟ್ಟ ಮೇಲೂ ತಿರುಗುತ್ತಿದ್ದ ಬ್ಲೇಡು, ಕೆಳಗಿಟ್ಟ ಗರಗಸವನ್ನು ಗೇಣುದ್ದ ಎಳೆದೊಯ್ದು ಹಲಗೆಯ ಮೇಲೆ ಆಳವಾದ ಗೀರು ಬಿಟ್ಟಿತು. ಅಲ್ಲಿ ನನ್ನ ಕಾಲು ಇರಬಹುದಿತ್ತು. ಅಂದಿನಿಂದ ಪ್ರತಿದಿನ ಬ್ಯಾಟರಿ ತೆಗೆದು, ಬ್ರಶ್ಶಿನಿಂದ ಹೊಟ್ಟು ಝಾಡಿಸಿ, ಗಾರ್ಡು ತಾನಾಗಿಯೇ ಮುಚ್ಚಿಕೊಳ್ಳುವುದನ್ನು ನೋಡಿಯೇ ಕೆಲಸಕ್ಕೆ ಇಳಿಯುತ್ತೇನೆ.

ಹಲ್ಲು ಹಲಗೆಯ ಅಡಿಗೆ ಸುಮಾರು 6 ಮಿ.ಮೀ. ಮಾತ್ರ ಇಳಿಯುವಂತೆ ಆಳ ಹೊಂದಿಸಿ, ಕೊಯ್ಯುವ ಗೆರೆಯ ಹತ್ತಿರವೇ ಹಲಗೆಗೆ ಆಸರೆ ಕೊಟ್ಟರೆ, ಬ್ಲೇಡು ಸಿಕ್ಕಿಕೊಂಡು ಹಿಂದಕ್ಕೆ ಒದೆಯುವುದು ಬಹಳ ಕಡಿಮೆಯಾಗುತ್ತದೆ.